ಸಹಾಯ ಬೇಕು: ಸೆಲ್ಫ್ ಹೊಡೆಯುತ್ತೆ, ಕಾರು ಸ್ಟಾರ್ಟ್ ಆಗ್ತಿಲ್ಲ (ತುಮಕೂರು, ಕ್ಯಾತ್ಸಂದ್ರ)

ಎಲ್ಲರಿಗೂ ನಮಸ್ಕಾರ. ನಮ್ಮದು 2004ರ ಪೆಟ್ರೋಲ್ ಕಾರು, ಎಂಪಿಎಫ್‌ಐ ಎಂಜಿನ್ (ಕಾರ್ಬುರೇಟರ್ ಅಲ್ಲ, ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸೋದು). ಅಪ್ಪನ ಕಾಲದ್ದು, ಮಾರೋಕೆ ಮನಸ್ಸಿಲ್ಲ. ಮೂರು ವಾರ ಶೆಡ್ಡಿನಲ್ಲೇ ನಿಂತಿತ್ತು. ಭಾನುವಾರ ದೇವರಾಯನದುರ್ಗಕ್ಕೆ ಹೊರಟರೆ ಇಂಜಿನ್ ಜೋರಾಗಿ ಸುತ್ತುತ್ತೆ, ಹತ್ತಿಕೊಳ್ಳೋದೇ ಇಲ್ಲ. ಹೊಸ ಸೀರೆ ಉಟ್ಟಿದ್ದ ಅಮ್ಮ ಕೊನೆಗೆ ಬಸ್ಸಿಗೆ ಹೋದರು.

ಬ್ಯಾಟರಿ ಚೆನ್ನಾಗಿದೆ, 12.6 ವೋಲ್ಟ್ ತೋರಿಸುತ್ತೆ. ಪ್ಲಗ್ ಬಿಚ್ಚಿ ನೋಡಿದೆ, ನೀಲಿ ಕಿಡಿ ಬರುತ್ತೆ. ಆದರೆ ಅಷ್ಟು ಹೊತ್ತು ಸೆಲ್ಫ್ ಹೊಡೆದರೂ ಪ್ಲಗ್ ಒಣಗಿಯೇ ಇತ್ತು. ಅಂದರೆ ಪೆಟ್ರೋಲ್ ಬರ್ತಿಲ್ಲ, ಅಲ್ವಾ? ಮೊದಲು ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಟ್ಯಾಂಕಿನೊಳಗಿನ ಫ್ಯುಯೆಲ್ ಪಂಪ್ ಓಡೋ ಗುಂಯ್ ಅನ್ನೋ ಸದ್ದು ಕೇಳಿಸುತ್ತಿತ್ತು. ಈಗ ಇಲ್ಲ. ಟ್ಯಾಂಕಿನಲ್ಲಿ ಹತ್ತು ಲೀಟರ್ ಇದೆ, ಮುಳ್ಳನ್ನು ನಂಬಿ ಹೇಳ್ತಿಲ್ಲ, ನಾನೇ ಹಾಕಿಸಿದ್ದು.

ಫ್ಯೂಸ್ ಸರಿಯಿದೆ. ರಿಲೇ (ಪಂಪಿಗೆ ಕರೆಂಟ್ ಬಿಡೋ ಸ್ವಿಚ್) ಬದಲಿಸಿದೆ, ಟಕ್ ಅನ್ನುತ್ತೆ. ಪಂಪಿನ ಕನೆಕ್ಟರ್‌ಗೆ ಟೆಸ್ಟ್ ಲ್ಯಾಂಪ್ ಇಟ್ಟರೆ ಉರಿಯಲ್ಲ. ಬ್ಯಾಟರಿಯಿಂದ ನೇರವಾಗಿ ವೈರ್ ಕೊಟ್ಟು ನೋಡಿದರೆ ಪಂಪ್ ಓಡುತ್ತೆ! ಆದರೂ ಮೆಕ್ಯಾನಿಕ್ ಪಂಪ್ ಪೂರ್ತಿ ಬದಲಾಯಿಸಿ ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಶೆಡ್ಡಿನಲ್ಲಿ ಇಲಿಕಾಟ ಜಾಸ್ತಿ, ಎಲ್ಲೋ ವೈರ್ ಕಡಿದಿರಬೇಕು ಅನ್ನೋ ಅನುಮಾನ. ಅರ್ತ್ ಹೋಗಿದ್ದರೂ ಹೀಗೇ ಆಗುತ್ತಾ?

ಪಂಪಿಗೆ ನೇರವಾಗಿ ಕರೆಂಟ್ ಕೊಟ್ಟು ಓಡಿಸು ಅಂತ ಪಕ್ಕದ ಮನೆಯವರ ಸಲಹೆ. ಅಪಘಾತವಾದರೆ ಪಂಪ್ ನಿಲ್ಲೋದೇ ಇಲ್ಲ, ಹಾಗಾಗಿ ಬೇಡ ಅಂದೆ.

ರಿಲೇಯಿಂದ ಟ್ಯಾಂಕಿನವರೆಗೆ ವೈರ್ ಸಾಮಾನ್ಯವಾಗಿ ಯಾವ ಕಡೆಯಿಂದ ಹೋಗುತ್ತೆ? ಡೋರಿನ ಪಟ್ಟಿ ಕೆಳಗಾ, ಕಾರ್ಪೆಟ್ ಕೆಳಗಾ? ಅಂತರಸನಹಳ್ಳಿ ಕಡೆ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಇದ್ದರೂ ತಿಳಿಸಿ.