ರಾಕ್ಷಸಿಯ ಗಂಡನ ಅಣ್ಣನ ಅಪ್ಪನ ಅಪ್ಪ ಯಾರು?

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು: ಮಗಳನ್ನು ಆನ್‌ಲೈನ್ ಸಂಗೀತ ಪಾಠಕ್ಕೆ ಹಾಕಿ ಎರಡು ವರ್ಷ ಆಯಿತು, ಪುರಂದರದಾಸರು ಯಾರು ಅಂದರೆ ಸುಮ್ನೆ ಮುಖ ನೋಡ್ತಾಳೆ, ವಾಗ್ಗೇಯಕಾರರ (ಹಾಡಿನ ಮಾತು, ಧಾಟಿ ಎರಡನ್ನೂ ಕಟ್ಟಿದವರ) ಬಗ್ಗೆ ಮಕ್ಕಳಿಗೆ ಏನಾದರೂ ಪಜಲ್ ಸಿಗುತ್ತಾ ಅಂತ. ಉತ್ತರ ತಡವಾಯಿತು, ಬೇಜಾರು ಮಾಡಬೇಡಿ. ನಾವು ಉಡುಪಿಯಲ್ಲಿದ್ದೇವೆ, ಅಮ್ಮನ ಮನೆಯಲ್ಲಿ. ಇಂಗ್ಲೆಂಡಿನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದೇ ಜುಲೈ ಕೊನೆಗೆ. ಅಂದರೆ ಸರಿಯಾಗಿ ಆಟಿ ತಿಂಗಳ ಮಳೆಗೆ ಬಂದು ಇಳಿಯುತ್ತೇವೆ. ಬೀಚ್ ಇಲ್ಲ, ಮಾವಿನಹಣ್ಣು ಮುಗಿದಿರುತ್ತದೆ, ಕರೆಂಟು ಇದ್ದರೆ ಇದೆ. ಎರಡು ಮಕ್ಕಳು, ಒಂದು ಜಗಲಿ. ಮಗನಿಗೆ 13, ಮಗಳಿಗೆ 9.

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಕೊಟ್ಟು ತಂದದ್ದೆಲ್ಲ ನಮ್ಮಲ್ಲಿ ಕೈಕೊಟ್ಟಿತು. ವಾಗ್ಗೇಯಕಾರರ ಚಿತ್ರವನ್ನು ತುಂಡು ಮಾಡಿ ಜೋಡಿಸುವ ಒಂದು ಆಟ ತಂದಿದ್ದೆ. ಮಗಳು ಇಪ್ಪತ್ತು ನಿಮಿಷದಲ್ಲಿ ಜೋಡಿಸಿದಳು. ಇದು ಯಾರು ಅಂದರೆ "ತಂಬೂರಿ ಹಿಡಿದ ತಾತ" ಅಂದಳು. ತಪ್ಪೇನಿಲ್ಲ, ಎಲ್ಲರ ಕೈಯಲ್ಲೂ ತಂಬೂರಿಯೇ ಇತ್ತು. ಆಮೇಲೆ ಮೊಬೈಲಿನಲ್ಲಿ ಕ್ವಿಜ್. ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತು ಅಂದರೆ ಮಕ್ಕಳು ಯೋಚನೆ ಮಾಡುವುದಿಲ್ಲ, ಒತ್ತುತ್ತಾರೆ. ತಪ್ಪಾದರೆ ಇನ್ನೊಂದು ಒತ್ತುತ್ತಾರೆ. ನಾವಾದರೂ ಅಷ್ಟೇ ಅಲ್ವಾ?

ಹಾಗಾಗಿ ಈ ಸಲ ಹೊರಗಿನಿಂದ ಏನೂ ತರಲಿಲ್ಲ. ಅಮ್ಮನ ಮನೆಯಲ್ಲಿ ಹಳೆಯ ಮದುವೆ ಕರೆಯೋಲೆಗಳ ಒಂದು ಕಟ್ಟು ಇತ್ತು. ಅಮ್ಮ ಯಾವುದನ್ನೂ ಎಸೆಯುವವರಲ್ಲ. ಅದರ ಹಿಂಬದಿಯಲ್ಲಿ ಹೆಸರು ಬರೆದು ಕಾರ್ಡು ಮಾಡಿದೆವು. ಒಂದು ಕಾರ್ಡಿನಲ್ಲಿ ವಾಗ್ಗೇಯಕಾರ, ಇನ್ನೊಂದರಲ್ಲಿ ಅವರ ಅಂಕಿತ. ಅಂಕಿತ ಅಂದರೆ ಹಾಡಿನೊಳಗೆ ಹಾಕಿದ ಸಹಿ ಅಂತ ಮಕ್ಕಳಿಗೆ ಹೇಳಿದೆ. ಚಿತ್ರಕಾರ ಚಿತ್ರದ ಮೂಲೆಯಲ್ಲಿ ಹೆಸರು ಹಾಕುವ ಹಾಗೆ. ಆದರೆ ಇವರು ತಮ್ಮ ಹೆಸರು ಹಾಕದೆ ದೇವರ ಹೆಸರು ಹಾಕಿದ್ದಾರೆ, ಅದರಿಂದ ಇವರನ್ನು ಕಂಡುಹಿಡಿಯಬೇಕು. ಕಾಗಿನೆಲೆ ಆದಿಕೇಶವ ಬಂದರೆ ಕನಕದಾಸರು. ಹಯವದನ ಬಂದರೆ ವಾದಿರಾಜರು. ಸಿರಿಕೃಷ್ಣ ಬಂದರೆ ವ್ಯಾಸರಾಯರು. ಗುರುಗುಹ, ಅಂದರೆ ಸುಬ್ರಹ್ಮಣ್ಯ, ಬಂದರೆ ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಕೃಷ್ಣ ಬಂದರೆ ಶ್ಯಾಮಾಶಾಸ್ತ್ರಿಗಳು. ತ್ಯಾಗರಾಜರು ಮಾತ್ರ ತ್ಯಾಗರಾಜ ಅಂತಲೇ ಬರೆದಿದ್ದಾರೆ. "ಅದು ಚೀಟಿಂಗ್" ಅಂದ ಮಗ. ಅಲ್ಲ ಮಾರಾಯ, ತಿರುವಾರೂರಿನ ದೇವರ ಹೆಸರೂ ತ್ಯಾಗರಾಜನೇ ಅಂತ ಸಮಾಧಾನ ಮಾಡಬೇಕಾಯಿತು.

ಮೊದಲ ದಿನ ನಾನೇ ಎಡವಿದೆ. ಒಂದು ಕಾರ್ಡಿನಲ್ಲಿ ಬರೀ "ವಿಠಲ" ಅಂತ ಬರೆದು ಪುರಂದರದಾಸರ ಜೊತೆ ಇಟ್ಟಿದ್ದೆ. ಆಟ ನಡೆಯುವಾಗ ಅಮ್ಮ ಅಡುಗೆಮನೆಯಿಂದಲೇ ಕೂಗಿದರು, "ಯಾವ ವಿಠಲ? ವಿಜಯವಿಠಲ ಉಂಟು, ಗೋಪಾಲವಿಠಲ ಉಂಟು, ಜಗನ್ನಾಥವಿಠಲ ಉಂಟು, ಶ್ರೀಪಾದರಾಜರದ್ದು ರಂಗವಿಠಲ. ಎಂತ ಮಾರಾಯ್ತಿ, ಇಷ್ಟು ಸಹ ಗೊತ್ತಿಲ್ವಾ ನಿಂಗೆ?" ಮಗನಿಗೆ ಖುಷಿಯೋ ಖುಷಿ. ಐದು ಉತ್ತರ ಇರುವ ಪಜಲ್ ಪಜಲ್ಲೇ ಅಲ್ಲ ಅಂತ ವಾದ ಶುರು ಮಾಡಿದ. ಆದರೆ ಆ ತಪ್ಪಿನಿಂದಲೇ ಇನ್ನೊಂದು ಆಟ ಹುಟ್ಟಿತು. ಯಾರು ಯಾರಿಗೆ ಗುರು ಅಂತ ಸಾಲು ಜೋಡಿಸುವುದು. ಶ್ರೀಪಾದರಾಜರ ಶಿಷ್ಯರು ವ್ಯಾಸರಾಯರು, ಅವರ ಶಿಷ್ಯರು ಪುರಂದರದಾಸರು. ಆ ಕಡೆ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು. ಕಾರ್ಡುಗಳು ಜಗಲಿಯ ಈ ತುದಿಯಿಂದ ಆ ತುದಿಗೆ ಹೋದವು.

ಇದರಲ್ಲಿ ನಾನು ಎಣಿಸದೇ ಇದ್ದ ಒಂದು ಲಾಭ ಆಯಿತು. ಅಂಕಿತ ಸಾಮಾನ್ಯವಾಗಿ ಬರುವುದು ಹಾಡಿನ ಕೊನೆಯ ಚರಣದಲ್ಲಿ. ಸಹಿ ಹುಡುಕಬೇಕಾದರೆ ಹಾಡು ಮುಗಿಯುವವರೆಗೆ ಕೇಳಲೇಬೇಕು. ನಮ್ಮ ಮಕ್ಕಳು ಯಾವ ಹಾಡನ್ನೂ ಅರ್ಧ ನಿಮಿಷಕ್ಕಿಂತ ಜಾಸ್ತಿ ಕೇಳುವವರಲ್ಲ. ಶುಕ್ರವಾರ ಸಂಜೆ ಅಮ್ಮ ದೀಪ ಹಚ್ಚಿ ಲಕ್ಷ್ಮೀಶೋಭಾನೆ ಹೇಳುತ್ತಾರೆ. ಅದು ಎಷ್ಟು ಉದ್ದ ಅಂತ ಗೊತ್ತಿದ್ದವರಿಗೆ ಗೊತ್ತು. ಮಗಳು ಉಯ್ಯಾಲೆಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುತ್ತಿದ್ದಳು. ನಾನು ಅವಳು ಕೇಳುತ್ತಿದ್ದಾಳೆ ಅಂದುಕೊಂಡಿರಲಿಲ್ಲ. ಕೊನೆಗೆ ಹಯವದನ ಅಂತ ಬಂತು ನೋಡಿ, ಬಾಯಲ್ಲಿ ಹಪ್ಪಳ ಇಟ್ಟುಕೊಂಡೇ "ವಾದಿರಾಜ!" ಅಂತ ಕಿರುಚಿದಳು. ಅಮ್ಮನಿಗೆ ಹಾಡು ತಪ್ಪಿತು. ಆದರೂ ಬೈಯಲಿಲ್ಲ. ಆಮೇಲೆ ವಾದಿರಾಜರು ಇಲ್ಲೇ ಕುಂಭಾಶಿ ಹತ್ತಿರದ ಹೂವಿನಕೆರೆಯವರು, ಉಡುಪಿಯ ಮಠಗಳು ಸರದಿಯಲ್ಲಿ ಕೃಷ್ಣನ ಪೂಜೆ ಮಾಡುವ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಮಾಡಿದ್ದು ಅವರೇ, ತುಳುವಿನಲ್ಲೂ ಹಾಡು ಮಾಡಿದ್ದಾರೆ ಅಂತ ಒಂದೊಂದೇ ಹೇಳಿದರು. ನಾನು ಹೇಳಿದ್ದರೆ ಪಾಠ ಆಗುತ್ತಿತ್ತು.

ಪದಬಂಧದ ಬಗ್ಗೆ ಎರಡು ಮಾತು. ಇಂಗ್ಲಿಷಿನಲ್ಲಿ ಮಾಡಬೇಡಿ, ಕನ್ನಡದಲ್ಲೇ ಮಾಡಿ. ತ್ಯಾಗರಾಜ ಅಂತ ಇಂಗ್ಲಿಷಿನಲ್ಲಿ ಬರೆದರೆ ಒಂಬತ್ತು ಮನೆ ಬೇಕು, ಕನ್ನಡದಲ್ಲಿ ನಾಲ್ಕೇ. ಮಗಳು ಮೊದಲು ತ-ಗೆ ಒಂದು ಮನೆ, ಯಾ-ಗೆ ಒಂದು ಮನೆ ಕೊಟ್ಟು, ಮನೆ ಸಾಲದು ಅಂತ ಅತ್ತಳು. ಒತ್ತಕ್ಷರ ಪ್ರತ್ಯೇಕ ಮನೆಯಲ್ಲ, ಮೇಲಿನವರ ಜೊತೆಯೇ ಬಾಡಿಗೆಗೆ ಇರುವುದು ಅಂತ ಹೇಳಿದ ಮೇಲೆ ತಲೆಗೆ ಹೋಯಿತು. ಎರಡು ವರ್ಷದ ಶನಿವಾರದ ಕನ್ನಡ ಕ್ಲಾಸಿನಲ್ಲಿ ಆಗದ್ದು ನಾಲ್ಕು ಚೌಕದಲ್ಲಿ ಆಯಿತು. ಅಡ್ಡಕ್ಕೆ ವಾದಿರಾಜ, ಕೆಳಕ್ಕೆ ತ್ಯಾಗರಾಜ, ಇಬ್ಬರೂ "ರಾ"ದಲ್ಲಿ ಸಿಗುತ್ತಾರೆ. ಪುರಂದರದಾಸ, ಕನಕದಾಸ "ದಾ"ದಲ್ಲಿ. "ಇವರೆಲ್ಲ ಒಂದೋ ರಾಜ, ಇಲ್ಲದಿದ್ದರೆ ದಾಸ" ಅಂದಳು ಮಗಳು. ಗೋಡೆಯಲ್ಲಿ ಕಿಂಡಿ ಇರುವ ವಾಗ್ಗೇಯಕಾರ ಯಾರು ಅನ್ನುವ ಸುಳಿವನ್ನು ಮಠಕ್ಕೆ ಹೋಗಿ ಬಂದ ದಿನ ಕೊಟ್ಟೆ. ಕನಕನ ಕಿಂಡಿಯ ಎದುರು ನಿಂತು ಬಂದಿದ್ದರಲ್ಲ, ಇಬ್ಬರೂ ಒಟ್ಟಿಗೆ ಕೂಗಿದರು.

ಆದರೆ ಕನಕದಾಸರ ನಿಜವಾದ ಆಟ ಕಿಂಡಿ ಅಲ್ಲ, ಮುಂಡಿಗೆ. ಇದನ್ನು ನಾನೂ ಮರೆತೇಬಿಟ್ಟಿದ್ದೆ. ಅವರು ಒಗಟಿನ ಹಾಗೆ ಕಟ್ಟಿದ ಹಾಡುಗಳು. ನಾವು ವಾಗ್ಗೇಯಕಾರರ ಮೇಲೆ ಪಜಲ್ ಹುಡುಕುತ್ತಾ ಕೂತಿದ್ದೇವೆ, ವಾಗ್ಗೇಯಕಾರರೇ ಪಜಲ್ ಮಾಡಿಟ್ಟು ಹೋಗಿದ್ದಾರೆ. "ಈತನೀಗ ವಾಸುದೇವನು" ಅನ್ನುವ ಹಾಡಿದೆಯಲ್ಲ, ಅದರಲ್ಲಿ ಒಂದು ಸಾಲು ಬರುತ್ತದೆ. ಬಿಡಿಸಿ ಹೇಳಿದರೆ, ರಾಕ್ಷಸಿಯ ಗಂಡನ ಅಣ್ಣನ ಅಪ್ಪನ ಅಪ್ಪನ ಎದುರಿಗೆ, ಕೌರವೇಂದ್ರನ ತಂಗಿಯ ಗಂಡನ ತಲೆ ಕತ್ತರಿಸಿದ್ದು.

ಕರೆಂಟು ಹೋಗಿತ್ತು. ಅಮ್ಮ ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುತ್ತಾ ಕೂತಿದ್ದರು. ಮಕ್ಕಳು ಎದುರಿಗೆ.

"ಅಜ್ಜಿ, ಯಾವ ರಾಕ್ಷಸಿ?"

"ಮಹಾಭಾರತದಲ್ಲಿ ಮದುವೆ ಆದ ರಾಕ್ಷಸಿ ಯಾರು ಹೇಳು ಮಗಾ."

ಹಿಡಿಂಬೆ ಗೊತ್ತಿತ್ತು, ಯಕ್ಷಗಾನ ನೋಡಿದ್ದರು. ಅವಳ ಗಂಡ ಭೀಮ. ಭೀಮನ ಅಣ್ಣ ಧರ್ಮರಾಯ. ಅಣ್ಣ ಅಂದರೆ ದೊಡ್ಡವನು, ಅರ್ಜುನ ಆಗುವುದಿಲ್ಲ ಅಂತ ಇಬ್ಬರಲ್ಲೂ ಜಗಳ ಆಗಿ ತೀರ್ಮಾನ ಆಯಿತು. ಇಂಗ್ಲಿಷಿನ ಬ್ರದರ್ ಇಟ್ಟುಕೊಂಡರೆ ಈ ಒಗಟು ಬಿಡಿಸಲಿಕ್ಕೇ ಆಗುವುದಿಲ್ಲ ನೋಡಿ. ಧರ್ಮರಾಯನ ಅಪ್ಪ ಪಾಂಡು ಅಂದ ಮಗ. ಅಮ್ಮ ತಲೆ ಅಲ್ಲಾಡಿಸಿದರು. ಯಮ. ಯಮನ ಅಪ್ಪ? ಇಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಅಮ್ಮ ಬಾಯಿಬಿಡಲಿಲ್ಲ, ಎಲೆ ಹಿಡಿದ ಕೈಯನ್ನು ಮೇಲೆ ಮೋಡದ ಕಡೆ ತೋರಿಸಿದರು ಅಷ್ಟೇ. ಸೂರ್ಯ!

ಆಮೇಲೆ ಕೌರವೇಂದ್ರ ದುರ್ಯೋಧನ, ತಂಗಿ ದುಶ್ಶಲೆ, ಅವಳ ಗಂಡ ಸೈಂಧವ. "ಅವ ದುರ್ಯೋಧನನಿಗೆ ಎಂತ ಆಗ್ಬೇಕು?" ಅಂತ ಕೇಳಿದರು ಅಮ್ಮ. ಮಗಳು "ಬ್ರದರ್ ಇನ್ ಲಾ" ಅಂದಳು. "ಅಷ್ಟು ಉದ್ದ ಎಂತಕ್ಕೆ? ಭಾವ ಅನ್ನು." ಕೃಷ್ಣ ಸೂರ್ಯನನ್ನು ಮರೆಮಾಡಿದ, ಕತ್ತಲಾಯಿತು ಅಂದುಕೊಂಡು ಸೈಂಧವ ಹೊರಗೆ ಬಂದ, ಮತ್ತೆ ಬಿಸಿಲು ಬಂತು, ಅರ್ಜುನ ತಲೆ ಹಾರಿಸಿದ. ಇಡೀ ಕತೆ ಒಂದು ಸಾಲಿನಲ್ಲಿ ಮಡಚಿ ಇಟ್ಟಿದ್ದಾರೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರನ್ನೂ ನೇರವಾಗಿ ಕರೆಯುವ ಹಾಗಿಲ್ಲ. ನಾನು "ಅಜ್ಜಿಯ ಮೊಮ್ಮಗನ ತಂಗಿಯ ಅಮ್ಮ". ಲಂಡನ್ನಿನಲ್ಲಿ ಎಲ್ಲರನ್ನೂ ಅಂಕಲ್, ಆಂಟಿ ಅಂತ ಮುಗಿಸುತ್ತಿದ್ದ ಮಕ್ಕಳು ಇವು.

ದೊಡ್ಡ ಮಕ್ಕಳಿದ್ದರೆ ಅವರಿಗೆ ಕಟಪಯಾದಿ, ಅಂದರೆ ಅಕ್ಷರಕ್ಕೆ ಅಂಕೆ ಕೊಡುವ ಲೆಕ್ಕ, ಹೇಳಿಕೊಡಿ. ಸಂಕೇತಭಾಷೆ ಅಂದರೆ 13ರ ಹುಡುಗರಿಗೆ ಹುಚ್ಚು. ಕ-ದಿಂದ ಝ-ವರೆಗೆ 1ರಿಂದ 9. ಟ-ದಿಂದ ಧ-ವರೆಗೆ ಮತ್ತೆ 1ರಿಂದ 9. ಪ ಫ ಬ ಭ ಮ 1ರಿಂದ 5. ಯ-ದಿಂದ ಹ-ವರೆಗೆ ಯ ರ ಲ ವ ಶ ಷ ಸ ಹ, 1ರಿಂದ 8. ಞ ಮತ್ತು ನ ಸೊನ್ನೆ. 72 ಮೇಳಕರ್ತ (ಮೂಲ) ರಾಗಗಳ ಹೆಸರಿನ ಮೊದಲ ಎರಡು ಅಕ್ಷರದ ಅಂಕೆ ತೆಗೆದು ತಿರುಗಿಸಿದರೆ ರಾಗದ ನಂಬರ್. ಮಾಯಾಮಾಳವಗೌಳ: ಮ 5, ಯ 1, ತಿರುಗಿಸಿದರೆ 15. ಮೇಚಕಲ್ಯಾಣಿ: ಮ 5, ಚ 6, ಅಂದರೆ 65. ಧೀರಶಂಕರಾಭರಣ 29, ನೀವೇ ಲೆಕ್ಕ ಹಾಕಿ ನೋಡಿ. ಸಂಗೀತ ಕಲಿಯುವವರಿಗೆ ಮಾಯಾಮಾಳವಗೌಳದಲ್ಲೇ ಸರಳೆ (ಮೊದಲ ಸ್ವರಪಾಠ) ಶುರುಮಾಡುವ ಪದ್ಧತಿ ಪುರಂದರದಾಸರದ್ದು ಅನ್ನುತ್ತಾರಲ್ಲ, ಅದನ್ನು ಇಲ್ಲಿ ಸೇರಿಸಬಹುದು. ಮಗ ಟ್ಯಾಬ್ಲೆಟ್ಟಿಗೆ ಹೊಸ ಲಾಕ್ ಹಾಕಿ "ಮಾಯಾಮಾಳವಗೌಳ, ಮೇಚಕಲ್ಯಾಣಿ" ಅಂತ ಚೀಟಿ ಅಂಟಿಸಿದ. 1565. ವಿಜಯನಗರ ಬಿದ್ದ ವರ್ಷ ಅಂತ ನನಗೆ ತಟ್ಟನೆ ಹೊಳೆಯಿತು. ಅವನಿಗೆ ಅದು ಗೊತ್ತಿರಲಿಲ್ಲ, ಕಾಕತಾಳೀಯ. ಈಗ ಲಾಕ್ ಬದಲಾಗಿದೆ.

ಶಾಲೆಯಲ್ಲಿ ಪಿಯಾನೋ ಕಲಿಯುವ ಮಕ್ಕಳಿದ್ದರೆ ಪಟ್ಟಿ ಆಟ ಮಾಡಿ. ವರ್ಷಕ್ಕೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ರಟ್ಟಿನ ಪಟ್ಟಿ ಕತ್ತರಿಸಿ, ಹುಟ್ಟಿದ ವರ್ಷಕ್ಕೆ ಸರಿಯಾಗಿ ನೆಲದ ಮೇಲೆ ಇಡುವುದು. ತ್ಯಾಗರಾಜರು 1767ರಿಂದ 1847, 80 ಸೆಂಟಿಮೀಟರ್. ಮೊಜಾರ್ಟ್ 1756ರಿಂದ 1791, ಬರೀ 35. "ಇದು ಯಾಕೆ ಇಷ್ಟೇ?" ಅಂತ ಮಗಳು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೇಳಿದಳು. ಬೀಥೋವನ್ 1770ರಿಂದ 1827. ಶ್ಯಾಮಾಶಾಸ್ತ್ರಿಗಳು 1762ರಿಂದ 1827. ಎರಡು ಪಟ್ಟಿಗಳ ತುದಿ ಕೆಂಪು ನೆಲದ ಮೇಲೆ ಒಂದೇ ಗೆರೆಗೆ ಬಂದು ನಿಂತವು. ಮಗ ಸ್ಕೇಲು ಇಟ್ಟು ಮತ್ತೆ ಅಳೆದ. ಪುರಂದರದಾಸರು ತೀರಿಕೊಂಡದ್ದು 1564 ಅನ್ನುವ ಲೆಕ್ಕದಲ್ಲಿ ಅವರ ಪಟ್ಟಿ ಮೊಜಾರ್ಟಿಗಿಂತ ಹತ್ತಿರ ಹತ್ತಿರ ಎರಡು ಮೀಟರ್ ಹಿಂದೆ ಮುಗಿಯಬೇಕು. ಅದು ಅಡುಗೆಮನೆ ಹೊಸ್ತಿಲು ದಾಟಿತು. ದಾಸರು ಎರಡು ದಿನ ಗ್ಯಾಸ್ ಸಿಲಿಂಡರಿನ ಪಕ್ಕದಲ್ಲೇ ಇದ್ದರು.

ಇಂಗ್ಲೆಂಡಿನಲ್ಲಿ ಇರುವವರಿಗೆ ಒಂದು ಸುಲಭದ ಆಟ ಉಂಟು. ದೀಕ್ಷಿತರ "ಸಂತತಂ ಪಾಹಿ ಮಾಂ" ಹಾಕಿ, ಮಕ್ಕಳಿಗೆ ಏನೂ ಹೇಳಬೇಡಿ. ಅದು ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿ. ಮದ್ರಾಸಿನ ಹತ್ತಿರ ಮಣಲಿಯಲ್ಲಿದ್ದಾಗ ಬ್ಯಾಂಡಿನವರ ಧಾಟಿ ಕೇಳಿ, ಅದಕ್ಕೆ ಸಂಸ್ಕೃತದ ಮಾತು ಹಾಕಿದ್ದಾರೆ. ಇಂಥವಕ್ಕೆ ನೋಟ್ಟುಸ್ವರ ಅನ್ನುತ್ತಾರೆ. ನಮ್ಮ ಮಗ ಹತ್ತು ಸೆಕೆಂಡಿನಲ್ಲಿ ಎದ್ದು ನಿಂತ, ಮ್ಯಾಚ್ ಶುರುವಾಯಿತು ಅನ್ನುವ ಹಾಗೆ. ಕೊನೆಗೆ ಗುರುಗುಹ ಅಂತ ಬರುವವರೆಗೆ ನಗುತ್ತಾ ಕೇಳಿದರು.

ದಾಸರು ಬೇಡ, ವಚನ ಬೇಕು ಅನ್ನುವವರೂ ಇದ್ದೀರಿ. ಅದೇ ಆಟ ನಡೆಯುತ್ತದೆ: ಕೂಡಲಸಂಗಮದೇವ ಬಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಬಂದರೆ ಅಕ್ಕ.

ಇಷ್ಟೆಲ್ಲ ಆದ ಮೇಲೆ ಮಗಳು ಸರಳೆ ಚೆನ್ನಾಗಿ ಹಾಡುತ್ತಾಳಾ ಅಂತ ಕೇಳಬೇಡಿ. ಇಲ್ಲ. ಶನಿವಾರ ಬೆಳಿಗ್ಗೆ ಕ್ಲಾಸಿಗೆ ಎಬ್ಬಿಸಲು ಈಗಲೂ ಚಾದರ ಎಳೆಯಬೇಕು. ಪಜಲ್‌ನಿಂದ ಗಂಟಲು ಬರುವುದಿಲ್ಲ, ಅದಕ್ಕೆ ಕೂತು ಹಾಡಬೇಕು.

ಮಗಳು ಪಕ್ಕದಲ್ಲೇ ಕೂತು ತಾನು ಕಟ್ಟಿದ ಮುಂಡಿಗೆಯನ್ನೂ ಇಲ್ಲಿ ಹಾಕಬೇಕು ಅಂತ ಹಟ ಮಾಡುತ್ತಿದ್ದಾಳೆ. ಅವಳ ಅಜ್ಜಿಗೆ ಬಿಡಿಸಲು ಒಂದು ಮಧ್ಯಾಹ್ನ ಬೇಕಾಯಿತು. ಸುಳಿವೆಲ್ಲ ಮೇಲೆಯೇ ಇದೆ, ಒಂದನ್ನು ಬಿಟ್ಟು: ಈ ಒಗಟಿನಲ್ಲಿ ಬರುವ ವಾಗ್ಗೇಯಕಾರರಿಬ್ಬರೂ ಹುಟ್ಟಿದ್ದು ತಿರುವಾರೂರಿನಲ್ಲೇ.

"ಇಲಿ ಸವಾರನ ತಮ್ಮನ ಹೆಸರಲ್ಲಿ ಸಹಿ ಹಾಕಿದವನ ಊರಿನವ, ಬೀಥೋವನ್ ಹೋದ ವರ್ಷವೇ ಹೋದವ. ಯಾರು?"

ದೊಡ್ಡವರು ಹೇಳಬಾರದಂತೆ. ನಿಮ್ಮ ಮಕ್ಕಳ ಹತ್ತಿರ ಕೇಳಿ, ವಾಯ್ಸ್ ಮೆಸೇಜಿನಲ್ಲಿ ಕಳಿಸಿ.