ಪದಚರ್ಚೆ: ಮರಗೆಲಸದ ಯಂತ್ರದ ಡ್ರಮ್ಮಿನಲ್ಲಿ ತುಂಬುವುದು ದೂಳೋ, ಹೊಟ್ಟೋ?

ಮಾನ್ಯರೇ,

ಹಿತ್ತಿಲಿನ ಷೆಡ್ಡಿನಲ್ಲಿ ನಾನು ಹವ್ಯಾಸಕ್ಕೆಂದು ಇಟ್ಟುಕೊಂಡಿರುವ ಮರಗೆಲಸದ ಕೋಣೆಯಲ್ಲಿ ಈಚೆಗೆ ಆದ ಒಂದು ಎಡವಟ್ಟಿನಿಂದ ಈ ಪ್ರಶ್ನೆ ಹುಟ್ಟಿದೆ. ಎಡವಟ್ಟು ಯಂತ್ರದ್ದಲ್ಲ, ಪೂರ್ತಿಯಾಗಿ ಪದದ್ದು. ಆದ್ದರಿಂದಲೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗರಗಸ, ಪ್ಲೇನರ್, ಉಪ್ಪುಕಾಗದ ಹೊಡೆಯುವ ಯಂತ್ರ ಇವುಗಳಿಂದ ಹೊರಬೀಳುವ ಕಸವನ್ನು 100 ಮಿಲಿಮೀಟರ್ ಪೈಪಿನ ಮೂಲಕ ಎಳೆದು, ದಪ್ಪದ್ದನ್ನು ಒಂದು ನೀಲಿ ಡ್ರಮ್ಮಿನಲ್ಲಿ ಕೆಡವಿ, ನವುರಾದದ್ದನ್ನು ಫಿಲ್ಟರಿನಲ್ಲಿ ತಡೆದು, ಗಾಳಿಯನ್ನು ಮಾತ್ರ ಹೊರಗೆ ಬಿಡುವ ಯಂತ್ರವೊಂದು (ಇಂಗ್ಲಿಷಿನಲ್ಲಿ 'ಡಸ್ಟ್ ಕಲೆಕ್ಟರ್') ನನ್ನಲ್ಲಿದೆ. ವಾರಕ್ಕೆ ಮೂರು ದಿನ ಬರುವ ಹುಡುಗನೊಬ್ಬ ನಾನಿಲ್ಲದಾಗಲೂ ಕೆಲಸ ಮಾಡುವುದರಿಂದ, ಅವನಿಗಾಗಿ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದೆ. ಅದರಲ್ಲಿ, ಕಚೇರಿಯ ಸುತ್ತೋಲೆಗಳನ್ನು ಓದಿ ಓದಿ ಕೈಗೆ ಹತ್ತಿದ ಭಾಷೆಯಲ್ಲಿ, 'ಧೂಳು ಸಂಗ್ರಾಹಕದಲ್ಲಿ ಧೂಳು ತುಂಬಿದ ಕೂಡಲೇ ತೆರವುಗೊಳಿಸುವುದು' ಎಂದು ಬರೆದಿದ್ದೆ. ಎರಡು ವಾರ ಊರಿನಲ್ಲಿರದೆ ಮರಳಿದಾಗ ಯಂತ್ರ ಫಳಫಳ ಹೊಳೆಯುತ್ತಿತ್ತು, ಆದರೆ ಎಳೆಯುತ್ತಿರಲಿಲ್ಲ. ಡ್ರಮ್ಮು ಕಂಠಮಟ್ಟ ತುಂಬಿ, ಮುಂದೆ ಬಂದದ್ದೆಲ್ಲ ಮೇಲಕ್ಕೆ ಹೋಗಿ ಫಿಲ್ಟರಿನ ಮಡಿಕೆಗಳಲ್ಲಿ ಗಿಡಿದುಕೊಂಡಿತ್ತು. ಕೇಳಿದರೆ ಹುಡುಗ, "ದಿನಾ ಸಂಜೆ ಒರೆಸ್ತಿದ್ದೆ ಸಾರ್, ಒಂಚೂರೂ ಧೂಳಿಲ್ಲ ನೋಡಿ" ಎಂದ. ಡ್ರಮ್ಮಿನ ಮುಚ್ಚಳ ತೆಗೆದು ನೋಡಲಿಲ್ಲವೇ ಎಂದದ್ದಕ್ಕೆ, "ನೋಡ್ದೆ ಸಾರ್, ಅದರಲ್ಲಿ ಧೂಳೆಲ್ಲಿದೆ? ಇರೋದು ಹೊಟ್ಟಲ್ವಾ?" ಎಂದ.

ಅವನ ಓದಿನಲ್ಲಿ ತಪ್ಪು ಹುಡುಕಲು ಹೊರಟವನು ನನ್ನ ಬರಹದಲ್ಲೇ ತಪ್ಪು ಕಂಡೆ. ಕನ್ನಡದಲ್ಲಿ ದೂಳು ಏಳುತ್ತದೆ, ಕೂರುತ್ತದೆ, ಹಿಡಿಯುತ್ತದೆ, ಅಡರುತ್ತದೆ. ಹೊಟ್ಟಾದರೋ ಉದುರುತ್ತದೆ, ರಾಶಿ ಬೀಳುತ್ತದೆ, ಚೀಲದಲ್ಲಿ ತುಂಬುತ್ತದೆ. 'ಕಪಾಟಿಗೆ ದೂಳು ತುಂಬಿದೆ' ಎಂದರೆ ಕಪಾಟಿನ ಮೈಮೇಲೆ ದೂಳು ಕೂತಿದೆ ಎಂದೇ ಅರ್ಥವೇ ಹೊರತು, ಅದರೊಳಗೆ ಸೇರುಗಟ್ಟಲೆ ದೂಳು ಅಳೆದು ಸುರಿದಿದೆ ಎಂದಲ್ಲ. ಹಾಗಿರುವಾಗ 'ಧೂಳು ತುಂಬಿದ ಕೂಡಲೇ' ಎಂಬುದನ್ನು ಓದಿದ ಹುಡುಗ ಬಟ್ಟೆ ಹಿಡಿದು ಒರೆಸಿದ್ದು ಕನ್ನಡದ ಜಾಯಮಾನಕ್ಕೆ ಸರಿಯಾಗಿಯೇ ಇದೆ. ಇನ್ನು 'ತೆರವುಗೊಳಿಸು' ಎಂಬುದು ಪತ್ರಿಕೆಗಳಲ್ಲಿ ಒತ್ತುವರಿಗೂ ರಸ್ತೆಗೆ ಬಿದ್ದ ಮರಕ್ಕೂ ಮೀಸಲಾದ ಮಾತು. ಡ್ರಮ್ಮಿಗೆ ಅದನ್ನು ಅಂಟಿಸಿದ್ದು ನನ್ನ ಅತಿಶಿಷ್ಟತೆ.

ಇಂಗ್ಲಿಷಿನ 'ಡಸ್ಟ್' ಎಂಬ ಒಂದೇ ಪದ ಗರಗಸದ ಕೆಳಗೆ ಬೀಳುವ ರವೆಯಂಥದ್ದಕ್ಕೂ ಸ್ಯಾಂಡಿಂಗ್ ಮಾಡುವಾಗ ಮೈದಾ ಹಿಟ್ಟಿನಂತೆ ತೇಲುವುದಕ್ಕೂ ಸಲ್ಲುತ್ತದೆ. ಕನ್ನಡ ಹೀಗೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದಿಲ್ಲ. ಭತ್ತದ ಗಿರಣಿಯವರು ಹೊಟ್ಟು, ತೌಡು, ನುಚ್ಚು ಎಂದು ಒಂದೊಂದನ್ನೂ ಬೇರೆ ಹೆಸರಿನಿಂದ ಕರೆದು ಬೇರೆ ಬೇರೆ ಬೆಲೆಗೆ ಮಾರುವಂತೆ, ಮರದ ಕೆಲಸದಲ್ಲಿಯೂ ಬಾಚಿಯಿಂದ ಏಳುವುದು ಚಕ್ಕೆ, ಮರದ ಮೈ ಹೆರೆಯುವ ಹತ್ತರಿಯಿಂದ ಬರುವುದು ಸುರುಳಿ, ಗರಗಸದಿಂದ ಉದುರುವುದು ಹೊಟ್ಟು, ಉಪ್ಪುಕಾಗದದಿಂದ ಬರುವುದು ಹುಡಿ ಅಥವಾ ಪುಡಿ, ಅದರಲ್ಲಿಯೂ ಗಾಳಿಗೆ ಸೇರಿದ್ದು ದೂಳು. ಇವುಗಳ ನಡುವೆ ಗೆರೆ ಎಳೆದಂಥ ಗಡಿಯಿಲ್ಲ ಎಂಬುದು ನಿಜ. ಕರಾವಳಿಯವರಿಗೆ ಹೊಟ್ಟೂ 'ಮರದ ಹುಡಿ'ಯೇ. ಬೆಂಗಳೂರಿನಲ್ಲಿ ಕೆಲಸ ಮಾಡುವ ಉತ್ತರ ಭಾರತದ ಬಡಗಿಗಳ ಬಾಯಲ್ಲಿ ಎಲ್ಲವೂ 'ಬುರಾದಾ'. ಆದರೂ ಬಯಲುಸೀಮೆ, ಮಲೆನಾಡುಗಳ ಸಾಮಿಲ್ಲಿನಲ್ಲಿ 'ಒಂದು ಚೀಲ ಧೂಳು ಕೊಡಿ' ಎಂದು ಕೇಳುವವರನ್ನು ನಾನು ಕಂಡಿಲ್ಲ, ಕೇಳುವುದು ಹೊಟ್ಟನ್ನೇ.

ಹೊಟ್ಟು ಮೂಲದಲ್ಲಿ ಕಾಳಿನ ಸಿಪ್ಪೆ. ಹಳಗನ್ನಡದ 'ಪೊಟ್ಟು', ಪಾಲು ಹಾಲಾದ ದಾರಿಯಲ್ಲೇ ಹೊಟ್ಟಾಯಿತು. ತೆಲುಗಿನವರು ಇಂದಿಗೂ ಗರಗಸದ ಹೊಟ್ಟನ್ನು 'ರಂಪಪು ಪೊಟ್ಟು' ಎನ್ನುತ್ತಾರೆ, ಅಂದರೆ ಕಾಳಿನಿಂದ ಮರಕ್ಕೆ ಅರ್ಥ ಹಬ್ಬಿದ್ದು ನಮ್ಮಲ್ಲಿ ಮಾತ್ರವಲ್ಲ. ಮಲಯಾಳದ 'ಅರಕ್ಕಪ್ಪೊಡಿ', ತಮಿಳಿನ 'ಮರತ್ತೂಳ್' ಎರಡೂ ಪುಡಿಯ ಕಡೆಗೆ ವಾಲಿವೆ, ಸಿಪ್ಪೆಯ ಕಡೆಗಲ್ಲ. ಮರದ ಹೊಟ್ಟು ಸಿಪ್ಪೆಯಲ್ಲದಿದ್ದರೂ ಸಿಪ್ಪೆಯ ಹೆಸರು ಪಡೆದದ್ದು ಅದರ ಹಗುರತನದಿಂದ ಮತ್ತು ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಉಳಿಯುವ ಗುಣದಿಂದ ಎಂದು ನನ್ನ ಊಹೆ. ತಲೆಹೊಟ್ಟಿಗೂ ಅದೇ ನ್ಯಾಯ.

ಇಲ್ಲಿ ಬೆಲೆಯೂ ಕೆಲಸ ಮಾಡುತ್ತದೆ ಎಂದು ನನಗೆ ತೋರುತ್ತದೆ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧ ಕೆತ್ತುವಾಗ ಬೀಳುವುದನ್ನು ಯಾರೂ ದೂಳು ಎನ್ನುವುದಿಲ್ಲ, ಹೊಟ್ಟೆಂದೂ ಅನ್ನುವುದಿಲ್ಲ. ಅದು ಗಂಧದ ಪುಡಿ, ಅದಕ್ಕೆ ಊದುಬತ್ತಿಯವರು ಕಾದಿರುತ್ತಾರೆ. ತೇಗ, ಹಲಸು, ಸಿಲ್ವರ್ ಓಕಿನದು ಹೊಟ್ಟು; ಕೊಟ್ಟಿಗೆಗೆ ಹಾಸಬಹುದು, ಐಸ್ ಗಡ್ಡೆ ಕರಗದಂತೆ ಮುಚ್ಚಬಹುದು, ಬಚ್ಚಲೊಲೆಗೆ ತುಂಬಬಹುದು. ಹೊಟ್ಟಿನ ಒಲೆಯನ್ನು ಕಂಡವರು ಈ ಬಳಗದಲ್ಲಿ ಇನ್ನೂ ಇರಬೇಕು: ತಗಡಿನ ಡಬ್ಬದ ನಡುವೆ ಬಾಟಲಿಯನ್ನೋ ಒನಕೆಯ ತುಂಡನ್ನೋ ನಿಲ್ಲಿಸಿ, ಸುತ್ತ ಹೊಟ್ಟು ಹಾಕಿ ಗಟ್ಟಿಯಾಗಿ ಗಿಡಿದು, ಆಮೇಲೆ ನಡುವಿನದನ್ನು ತಿರುಗಿಸುತ್ತಾ ಮೆಲ್ಲನೆ ಎಳೆದರೆ ಉಳಿಯುವ ತೂತಿನಲ್ಲಿ ಬೆಂಕಿ ಗಂಟೆಗಟ್ಟಲೆ ನಿಧಾನವಾಗಿ ಉರಿಯುತ್ತಿತ್ತು. ಬೆಲೆಯೇ ಇಲ್ಲದ್ದು, ಯಾರಿಗೂ ಬೇಡವಾದದ್ದು ದೂಳು.

ಈ ಭೇದ ಬರೀ ಭಾಷಾಚಪಲವಲ್ಲ. ಒಲೆಯಲ್ಲಿ ಗಂಟೆಗಟ್ಟಲೆ ತಾಳ್ಮೆಯಿಂದ ಉರಿಯುವ ಅದೇ ಮರ, ನವುರಾಗಿ ಗಾಳಿಯಲ್ಲಿ ದಟ್ಟವಾಗಿ ಹರಡಿದ್ದಾಗ ಒಂದು ಕಿಡಿಗೆ ಒಮ್ಮೆಲೇ ಸಿಡಿಯಬಲ್ಲದು. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವಾಷ್‌ಬರ್ನ್ ಗಿರಣಿ ಸಿಡಿದು 18 ಜನ ಸತ್ತದ್ದು ಗೋಧಿ ಹಿಟ್ಟಿನ ದೂಳಿನಿಂದ. ಶ್ವಾಸಕೋಶದ ವಿಷಯವೂ ಹಾಗೆಯೇ: ಹೊಟ್ಟು ಮೂಗಿನಲ್ಲೇ ಸಿಕ್ಕಿಕೊಂಡು ಸೀನು ತರಿಸುತ್ತದೆ, 10 ಮೈಕ್ರಾನಿಗಿಂತ ಸಣ್ಣದಾದ, ಅಂದರೆ ತಲೆಗೂದಲಿನ ದಪ್ಪದ ಏಳನೆಯ ಒಂದು ಪಾಲಿಗಿಂತಲೂ ಕಿರಿದಾದ ಕಣ ಕಣ್ಣಿಗೆ ಕಾಣದೆ ಒಳಕ್ಕೆ ಇಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರ ತನ್ನ ಸಂಪುಟದಲ್ಲಿ ಮರದ ದೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಅದನ್ನು 'ಮರದ ಹೊಟ್ಟು ಕ್ಯಾನ್ಸರ್‌ಕಾರಕ' ಎಂದು ಕನ್ನಡಿಸಿದರೆ ಹೊಟ್ಟಿನ ಒಲೆಯಲ್ಲಿ ನೀರು ಕಾಯಿಸಿಕೊಂಡು ಬೆಳೆದ ತಲೆಮಾರು ನಕ್ಕುಬಿಡುತ್ತದೆ. ಅಲ್ಲಿ ಬೇಕಾದದ್ದು ದೂಳೇ. ಡ್ರಮ್ಮಿನ ಮೇಲೆ ಬೇಕಾದದ್ದು ಹೊಟ್ಟು. ಯಂತ್ರ ಮಾಡುವ ಕೆಲಸವೇ ಇವೆರಡನ್ನು ಬೇರೆ ಮಾಡುವುದಾಗಿರುವಾಗ, ಹೆಸರಿನಲ್ಲಿ ಅವನ್ನು ಮತ್ತೆ ಕಲಸಿಬಿಡುವ 'ಧೂಳು ಸಂಗ್ರಾಹಕ' ನನಗೆ ಒಪ್ಪಿಗೆಯಾಗುತ್ತಿಲ್ಲ. ದೂಳಿನ ಅಲ್ಪಪ್ರಾಣ, ಮಹಾಪ್ರಾಣಗಳ ಜಗಳವನ್ನು ಇಲ್ಲಿ ಎತ್ತುವುದು ಬೇಡ. ನಾನು ಈಗ ಅಲ್ಪಪ್ರಾಣದ ಪಕ್ಷ.

ಬೇರ್ಪಡಿಸುವ ಭಾಗದ ಹೆಸರು ಇನ್ನೊಂದು ತೊಡಕು. ಅದನ್ನು ಎಲ್ಲರೂ 'ಸೈಕ್ಲೋನ್' ಎನ್ನುತ್ತಾರೆ. ಯಂತ್ರಾನುವಾದಕ್ಕೆ ಕೊಟ್ಟಾಗ 'ಚಂಡಮಾರುತ ವಿಭಜಕ' ಎಂದು ಬಂತು, ಬಂಗಾಳ ಕೊಲ್ಲಿಯನ್ನೇ ಷೆಡ್ಡಿಗೆ ತಂದಂತೆ. ವಾಸ್ತವದಲ್ಲಿ ಅಲ್ಲಿ ನಡೆಯುವುದು ಇಷ್ಟು: ಶಂಕುವಿನಾಕಾರದ ಡಬ್ಬದ ಮೇಲ್ಭಾಗಕ್ಕೆ ಓರೆಯಾಗಿ ನುಗ್ಗಿದ ಗಾಳಿ ಗೋಡೆಗುಂಟ ಸುತ್ತುತ್ತಾ ಇಳಿಯುತ್ತದೆ, ಭಾರದ ಹೊಟ್ಟು ಗೋಡೆಗೆ ಒತ್ತಿಕೊಂಡು ಜಾರಿ ಡ್ರಮ್ಮಿಗೆ ಬೀಳುತ್ತದೆ, ಹಗುರಾದ ಗಾಳಿ ನಡುವಿನಿಂದ ಮೇಲೆದ್ದು ಫ್ಯಾನಿನ ಕಡೆಗೆ ಹೋಗುತ್ತದೆ. ಹೊಳೆಯ ನೀರಿನಲ್ಲಿ ಕಾಣುವುದೂ ಸುಳಿ, ತಲೆಯ ಕೂದಲಿನಲ್ಲಿರುವುದೂ ಸುಳಿ, ಬೇಸಿಗೆಯ ಬಯಲಿನಲ್ಲಿ ತರಗೆಲೆ ಎತ್ತುವುದೂ ಸುಳಿಗಾಳಿ. ಆದ್ದರಿಂದ 'ಸುಳಿಡಬ್ಬ' ಎಂದರೆ ಸಾಕು ಎಂದು ನನ್ನ ಮತ. ಒಕ್ಕಣೆಯ ಕಣದ ಮಾತಿನಿಂದ 'ತೂರು' ಎಂಬುದನ್ನೂ ತರಬಹುದಿತ್ತು. ಗಾಳಿ ಬಂದಾಗ ತೂರಿಕೊಳ್ಳುವವರು ಮಾಡುವುದೂ ಭಾರದ್ದನ್ನು ಕೆಡವಿ ಹಗುರದ್ದನ್ನು ಹಾರಿಸುವುದನ್ನೇ. ಆದರೆ ಕಣದಲ್ಲಿ ಹಾರಿಹೋಗುವುದು ಹೊಟ್ಟು, ಇಲ್ಲಿ ಕೆಳಗೆ ಬೀಳುವುದೇ ಹೊಟ್ಟು. ಪದ ತಂದರೆ ಅರ್ಥ ತಲೆಕೆಳಗಾಗುತ್ತದೆ. 'ಗಾಳಿಸು' ಎಂಬುದು ಈ ಕೆಲಸಕ್ಕೆಂದೇ ಹುಟ್ಟಿದಂತೆ ಕಂಡರೂ ಅದು ಜರಡಿ ಹಿಡಿಯುವ, ಸೋಸುವ ಮಾತು, ಫಿಲ್ಟರಿಗಾದರೆ ಒಗ್ಗೀತು. 'ಹೀರು' ಬಗ್ಗೆಯೂ ನನಗೆ ತಕರಾರಿದೆ: ಯಂತ್ರ ಕೆಟ್ಟಾಗ ಕೆಲಸದವರು 'ಸರಿಯಾಗಿ ಎಳೀತಿಲ್ಲ' ಎನ್ನುತ್ತಾರೆ, 'ಹೀರ್ತಿಲ್ಲ' ಎಂದವರನ್ನು ನಾನು ಕೇಳಿಲ್ಲ. ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಅಷ್ಟು ರಭಸಕ್ಕೆ ಹಾಲು ಹೀರುವ ಮಾತು ಸಪ್ಪೆ.

ನನ್ನ ಮುಖ್ಯ ಪ್ರಶ್ನೆ 'ಖಾಲಿ ಮಾಡು' ಎಂಬುದರ ಕುರಿತು. ಆ ಮಾತು ತಪ್ಪಲ್ಲ, ಆದರೆ ಹೇಗೆ ಖಾಲಿ ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ, ಇಲ್ಲಿ ಎಲ್ಲ ಅಪಾಯವೂ ಆ 'ಹೇಗೆ' ಎಂಬುದರಲ್ಲೇ ಇದೆ. 'ಸುರಿ' ಎಂದರೆ ಎತ್ತರದಿಂದ ಬೀಳಿಸುವುದು. ಡ್ರಮ್ಮನ್ನು ಎತ್ತಿ ಸುರಿದವನು, ಯಂತ್ರ ದಿನವಿಡೀ ಕಷ್ಟಪಟ್ಟು ಹಿಡಿದ ದೂಳನ್ನು ಒಂದೇ ಸಲಕ್ಕೆ ತನ್ನ ಮುಖಕ್ಕೆ ಎಬ್ಬಿಸಿಕೊಳ್ಳುತ್ತಾನೆ. 'ಚೆಲ್ಲು' ಅದಕ್ಕಿಂತ ಕಡೆ. ನಾನು ಈಗ ಮಾಡುವುದು ಹೀಗೆ: ಅಂಗಳಕ್ಕೆ ಒಯ್ದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತು, ದೊಡ್ಡ ಚೀಲವೊಂದರ ಬಾಯನ್ನು ಡ್ರಮ್ಮಿನ ಬಾಯಿಗೆ ತೊಡಿಸಿ ಕಟ್ಟಿ, ಎರಡನ್ನೂ ಒಟ್ಟಿಗೆ ಬೋರಲು ಮಾಡಿ, ಹತ್ತು ನಿಮಿಷ ಹಾಗೇ ಬಿಟ್ಟು, ಒಳಗಿನ ದೂಳು ಕೂತ ಮೇಲೆ ಡ್ರಮ್ಮನ್ನು ಮೆಲ್ಲನೆ ಎತ್ತುವುದು. ಇದಕ್ಕೆ 'ಕವುಚು' ಎಂಬ ಒಂದೇ ಕ್ರಿಯಾಪದ ಸಾಕು. ಕವುಚು ಎಂದಾಗ ಕನ್ನಡಿಗನ ಕೈ ತಾನಾಗಿ ಬಾಯಿಗೆ ಬಾಯಿ ಸೇರಿಸುತ್ತದೆ. ಡ್ರಮ್ಮಿನೊಳಗೇ ಪ್ಲಾಸ್ಟಿಕ್ ಚೀಲ ಇಟ್ಟುಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಯಂತ್ರ ಎಳೆಯುವಾಗ ಆ ಚೀಲವೂ ಮೇಲಕ್ಕೆದ್ದು ಬರುವುದರಿಂದ ಒಳಗಡೆ ತಂತಿಯ ಬಳೆ ಕೊಟ್ಟು ಅದನ್ನು ಹಿಡಿದಿಡಬೇಕು.

ಫಿಲ್ಟರಿಗೆ 'ಕವುಚು' ಹೊಂದದು. ಹಳೆಯ ಯಂತ್ರಗಳ ಬಟ್ಟೆಚೀಲವನ್ನು ಕೊಡವಬಹುದಿತ್ತು, ಈಗಿನ ಮಡಿಕೆಯ ಫಿಲ್ಟರನ್ನು ಕೊಡವಲಾಗದು, ಬಡಿದರೆ ಹರಿದೇ ಹೋಗುತ್ತದೆ. ಅದನ್ನು ಮೆಲ್ಲನೆ ತಟ್ಟಿ, ದೂಳು ಕೂತಿರದ ಬದಿಯಿಂದ ಕೂತಿರುವ ಬದಿಗೆ ಹದವಾಗಿ ಗಾಳಿ ಊದಬೇಕು. ಹುಡುಗನಿಗೆ 'ಶುಚಿಗೊಳಿಸುವುದು' ಎಂದು ಬರೆದಿದ್ದರೆ ನೀರು ಹಾಕಿ ತೊಳೆದೇಬಿಡುತ್ತಿದ್ದನೇನೋ. ಈಗ ಗೋಡೆಯ ಮೇಲಿರುವ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: 'ಡ್ರಮ್ಮಿನಲ್ಲಿ ಹೊಟ್ಟು ಮುಕ್ಕಾಲು ತುಂಬಿದರೆ ಯಂತ್ರ ನಿಲ್ಲಿಸಿ, ಹೊರಗೆ ಒಯ್ದು ಚೀಲಕ್ಕೆ ಕವುಚಿ. ಮುಚ್ಚಳ ಬಿಗಿಯಾಗಿ ಕೂತಿದೆಯೇ ನೋಡಿ. ಫಿಲ್ಟರಿನ ದೂಳನ್ನು ತಟ್ಟಿ ಊದಿ, ಬಡಿಯಬೇಡಿ. ಎಂ.ಡಿ.ಎಫ್. ಹಲಗೆಯ ಹೊಟ್ಟನ್ನು ಗೊಬ್ಬರದ ಗುಂಡಿಗಾಗಲಿ ಒಲೆಗಾಗಲಿ ಹಾಕಬೇಡಿ.' ಹುಡುಗ ಓದಿ, "ಇದನ್ನೇ ಮೊದಲು ಬರೆದಿದ್ರೆ ಆಗ್ತಿತ್ತಲ್ಲ ಸಾರ್" ಎಂದ. ಕೊನೆಯ ಸಾಲಿನ 'ಹೊಟ್ಟು' ಮಾತ್ರ ನನ್ನನ್ನು ಕಾಡುತ್ತಿದೆ. ಎಂ.ಡಿ.ಎಫ್. ಎಂಬುದು ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ, ಕೊಯ್ದರೆ ಬೀಳುವುದು ಹೊಟ್ಟಿಗಿಂತ ಬಹಳ ನವುರು, ಹಿಟ್ಟಿನಂಥದ್ದು. ಅದಕ್ಕೆ ಹುಡಿ ಎನ್ನಬೇಕೋ ಪುಡಿ ಎನ್ನಬೇಕೋ ತಿಳಿಯದೆ ಹಳೆಯ ಪದವನ್ನೇ ಉಳಿಸಿದ್ದೇನೆ.

ಬಳಗದವರಲ್ಲಿ ನಾನು ಕೇಳುವುದು ಇವನ್ನು. ಉತ್ತರ ಕರ್ನಾಟಕದ ಬಡಿಗೇರರು ಹತ್ತರಿಯ ಸುರುಳಿಗೂ ಗರಗಸದ ಹೊಟ್ಟಿಗೂ ಬೇರೆ ಬೇರೆ ಮಾತು ಬಳಸುತ್ತಾರೆಯೇ? ಕರಾವಳಿಯಲ್ಲಿ ಹೊಟ್ಟಿಗೂ ಪುಡಿಗೂ ಹುಡಿ ಎಂದರೆ, ಗಾಳಿಯಲ್ಲಿ ತೇಲುವುದನ್ನು ಪ್ರತ್ಯೇಕಿಸಿ ಹೇಳಬೇಕಾದಾಗ ಏನನ್ನುತ್ತಾರೆ? ಮತ್ತೊಂದು: ಸಾಮಿಲ್ಲುಗಳು ಬರುವ ಮುಂಚೆ ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು ಇಬ್ಬರು ಕೊಯ್ಯುತ್ತಿದ್ದರಲ್ಲ, ಕೆಳಗೆ ನಿಂತವನ ತಲೆಯ ಮೇಲೆ ದಿನವಿಡೀ ಹೊಟ್ಟು ಉದುರುತ್ತಿತ್ತು, ಆ ಗುಂಡಿಯಿಂದ ಸಂಜೆ ಹೊಟ್ಟನ್ನು ಎತ್ತಿ ಹಾಕುವ ಕೆಲಸಕ್ಕೆ ಒಂದು ಕ್ರಿಯಾಪದ ಇದ್ದೇ ಇರಬೇಕು. ಗೋರುವುದೋ, ಬಳಿಯುವುದೋ, ಮೊಗೆಯುವುದೋ, ಇವಾವುದೂ ಅಲ್ಲದ ಬೇರೊಂದೋ? ಮರ ಕೊಯ್ಯುವ ಮನೆತನದ ಹಿರಿಯರು ಪರಿಚಯದಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಬೇಕು. ಸಿಕ್ಕ ಪದವನ್ನು ಊರಿನ ಹೆಸರಿನೊಂದಿಗೆ, ಅವರು ಆಡಿದ ವಾಕ್ಯದಲ್ಲೇ ಇಟ್ಟು ಬರೆದರೆ ಇನ್ನೂ ಉಪಕಾರ.