ಅಮ್ಮನ ಲಿವರ್‌ನಲ್ಲಿ 1.8 ಸೆಂ.ಮೀ. ಲೀಷನ್ (ಚುಕ್ಕೆ) ಇದೆಯಂತೆ, ನೇರ ಬಯಾಪ್ಸಿ ಮಾಡಿಸಬಹುದಾ?

ಪ್ರಶ್ನೆ:
ಪಿತ್ತಕೋಶದಲ್ಲಿ ಕಲ್ಲಿದೆಯಾ ಅಂತ ನೋಡಲು ಅಮ್ಮನಿಗೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದೆವು. ಕಲ್ಲು ಇಲ್ಲ. ಆದರೆ ಲಿವರ್‌ನ ಬಲಭಾಗದಲ್ಲಿ 1.8 ಸೆಂ.ಮೀ. ಹೈಪರ್‌ಎಕೋಯಿಕ್ (ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವ) ಲೀಷನ್ ಇದೆ, ಹೆಮಾಂಜಿಯೋಮಾ ಇರಬಹುದು, ಸಿಟಿ ಮಾಡಿಸಿ ಅಂತ ಬರೆದಿದ್ದಾರೆ. ಅವರಿಗೆ 56 ವರ್ಷ. ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ತಾರೆ. ಭಯಕ್ಕೆ ಅಮ್ಮನಿಗೆ ಇನ್ನೂ ಹೇಳಿಲ್ಲ. ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಮಾಡಿಸಿದರೆ ಒಂದೇ ಸಲಕ್ಕೆ ಗೊತ್ತಾಗಲ್ವಾ?

ಉತ್ತರ:
ನಾನು ರೇಡಿಯಾಲಜಿಸ್ಟ್. ದಿನವೂ ಇಂಥ ಚುಕ್ಕೆಗಳನ್ನೇ ನೋಡುತ್ತೇನೆ. ಬಯಾಪ್ಸಿಗೆ ಆತುರ ಬೇಡ. ಹೆಮಾಂಜಿಯೋಮಾ ಅಂದರೆ ರಕ್ತನಾಳಗಳ ಗೊಂಚಲು. ಸೂಜಿ ಹಾಕಿದರೆ ರಕ್ತ ಸೋರುವ ಅಪಾಯ ಇರುತ್ತೆ. ಲಿವರ್‌ನಲ್ಲಿ ಕಾಣುವ ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ.

ಅಲ್ಟ್ರಾಸೌಂಡ್‌ನಲ್ಲಿ ನೀರು ತುಂಬಿದ ಸಿಸ್ಟ್ ಪೂರ್ತಿ ಕಪ್ಪಗೆ ಕಾಣುತ್ತೆ, ಅದನ್ನು ಅಲ್ಲೇ ಧೈರ್ಯವಾಗಿ ಹೇಳಬಹುದು. ಬಿಳಿ ಚುಕ್ಕೆ ಹಾಗಲ್ಲ. ಹೆಮಾಂಜಿಯೋಮಾನೂ ಬಿಳಿ, ಒಂದೇ ಕಡೆ ಸೇರಿದ ಕೊಬ್ಬೂ ಬಿಳಿ, ಬೇರೆ ಕಡೆಯಿಂದ ಹರಡಿದ ಕ್ಯಾನ್ಸರೂ ಕೆಲವು ಸಲ ಬಿಳಿ. ಅದಕ್ಕೇ ನಾವು ಮೊದಲು ಕೇಳುವುದು, ಈ ಚುಕ್ಕೆ ಎಂಥ ಲಿವರ್‌ನಲ್ಲಿದೆ ಅಂತ. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಇದೆಯಾ? ಹೆಪಟೈಟಿಸ್ ಬಿ ಇದೆಯಾ? ಹಿಂದೆ ಎಲ್ಲಾದರೂ ಕ್ಯಾನ್ಸರ್ ಆಗಿತ್ತಾ? ಮೂರೂ ಇಲ್ಲದಿದ್ದರೆ ಹೆಮಾಂಜಿಯೋಮಾ ಆಗಿರುವ ಸಾಧ್ಯತೆಯೇ ಹೆಚ್ಚು. ಒಂದಿದ್ದರೂ ಅದೇ ಚುಕ್ಕೆಯನ್ನು ಬೇರೆ ಕಣ್ಣಿಂದ ನೋಡಬೇಕು.

ಸಿಟಿ ಮಾಡಿಸುವಾಗ ಪ್ಲೇನ್ (ಡೈ ಇಲ್ಲದ್ದು) ಸಾಲದು, ಟ್ರೈಫೇಸಿಕ್ ಆಗಬೇಕು. ಡೈ ಕೊಟ್ಟು ಬೇರೆ ಬೇರೆ ಹೊತ್ತಿಗೆ ಚಿತ್ರ ತೆಗೆಯುತ್ತಾರೆ. ಹೆಮಾಂಜಿಯೋಮಾ ಆದರೆ ಡೈ ಮೊದಲು ಅಂಚಿನಲ್ಲಿ ತುಣುಕು ತುಣುಕಾಗಿ ಕಂಡು, ಆಮೇಲೆ ನಿಧಾನಕ್ಕೆ ಒಳಗೆ ತುಂಬುತ್ತಾ ಹೋಗುತ್ತೆ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಸಾಮಾನ್ಯವಾಗಿ ಡೈಯನ್ನು ಬೇಗ ಹಿಡಿದು ಬೇಗ ಬಿಟ್ಟುಬಿಡುತ್ತೆ. ಎಂಆರ್‌ಐ ಆದರೆ ಇನ್ನೂ ಸ್ಪಷ್ಟ. ಸಿಟಿಗೆ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ನೋಡಿಸಿ. ಮೆಟ್‌ಫಾರ್ಮಿನ್ ವಿಷಯ ಹೇಳಲು ಮರೆಯಬೇಡಿ.

ಇನ್ನೊಬ್ಬರ ಉತ್ತರ:
ಹಳೆಯ ಸ್ಕ್ಯಾನ್ ಏನಾದರೂ ಇದ್ದರೆ ಹುಡುಕಿ. ನನಗೂ ಹೆಮಾಂಜಿಯೋಮಾ ಇದೆ. ಹಳೇ ಫಿಲ್ಮಿನಲ್ಲೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡದಿದ್ದದ್ದು ನೋಡಿ ಡಾಕ್ಟರಿಗೂ ನೆಮ್ಮದಿ, ನನಗೂ ನೆಮ್ಮದಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಫ್ಯಾಟಿ ಲಿವರ್ ಗ್ರೇಡ್ 1 ಅಂತಲೂ ಇದೆ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಉತ್ತರ:
ಕೊಬ್ಬು ಜಾಸ್ತಿ ಆದರೆ ಲಿವರ್ರೇ ಬೆಳ್ಳಗಾಗುತ್ತೆ. ಆಗ ಹೆಮಾಂಜಿಯೋಮಾ ಕೂಡ ಅದರ ಮುಂದೆ ಕಪ್ಪಗೆ ಕಾಣಬಹುದು. ನಿಮ್ಮ ರಿಪೋರ್ಟಿನಲ್ಲಿ ಇನ್ನೂ ಬಿಳಿಯಾಗೇ ಇದೆ, ಅದೇನೂ ಗೊಂದಲ ಇಲ್ಲ. ಆದರೆ ಅಮ್ಮನಿಗೆ ದಯವಿಟ್ಟು ಹೇಳಿ. ಯಾವಾಗಲೋ ಕಾಮಾಲೆ ಆಗಿದ್ದು, ರಕ್ತ ಹಾಕಿಸಿಕೊಂಡಿದ್ದು, ಗಂಟು ತೆಗೆಸಿದ್ದು ಅವರಿಗೇ ನೆನಪಿರುತ್ತೆ, ಸಿಟಿ ಓದುವವರಿಗೆ ಅದೆಲ್ಲ ಬೇಕು. ಹೆಪಟೈಟಿಸ್ ಬಿ, ಸಿ ರಕ್ತ ಪರೀಕ್ಷೆ ಬರೆದುಕೊಡಿ ಅಂತ ಡಾಕ್ಟರನ್ನು ನೀವೇ ಕೇಳಿ.